ಬಹರೈನ್ ಪಾಲಿಟೆಕ್ನಿಕ್ ಕಲಿಸುವ ಬಗೆ ನಮ್ಮ ಡಿಪ್ಲೊಮಾಕ್ಕೂ ಬರಲಿ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ಡಿಪ್ಲೊಮಾ ಮುಗಿಸಿ ಗಲ್ಫ್‌ಗೆ ಹೊರಡುವ ಹುಡುಗರು ಇವತ್ತಿಗೂ ಟೆಕ್ನಿಷಿಯನ್, ಸೂಪರ್‌ವೈಸರ್, ಮೇಂಟೆನೆನ್ಸ್ ಕೆಲಸಗಳನ್ನೇ ನೆಚ್ಚಿಕೊಂಡಿದ್ದಾರೆ. ಅಂಥ ಕೆಲಸಗಳಿಗೆ ತನ್ನ ನೆಲದ ಮಕ್ಕಳನ್ನು ತಯಾರು ಮಾಡಲೆಂದೇ ಬಹರೈನ್ 2008ರಲ್ಲಿ ರಾಜಾಜ್ಞೆ ಹೊರಡಿಸಿ ಈಸಾ ಟೌನ್‌ನಲ್ಲಿ ಒಂದು ಪಾಲಿಟೆಕ್ನಿಕ್ ತೆರೆಯಿತು. ಅಲ್ಲಿ ಹೇಗೆ ಕಲಿಸುತ್ತಾರೆ ಎಂಬುದನ್ನು ನಮ್ಮ ತಾಂತ್ರಿಕ ಶಿಕ್ಷಣ ಇಲಾಖೆ ಗಮನವಿಟ್ಟು ನೋಡಬೇಕು.

ಗಲ್ಫ್‌ನ ಅರಬ್ ತೀರದಲ್ಲಿ ಮೊದಲು ತೈಲ ಸಿಕ್ಕಿದ್ದು ಬಹರೈನ್‌ನಲ್ಲೇ, 1932ರಲ್ಲಿ. ಆದರೆ ನೆರೆಯವರಷ್ಟು ತೈಲ ಅಲ್ಲಿಲ್ಲ. ಹಾಗಾಗಿ ಅಲ್ಯೂಮಿನಿಯಂ, ಹಡಗು ದುರಸ್ತಿ, ಬ್ಯಾಂಕಿಂಗ್ ಕಡೆಗೆ ಬಹಳ ಬೇಗ ಹೊರಳಬೇಕಾಯಿತು. ಇವುಗಳಿಗೆ ಬೇಕಾದ ಕೈಗಳು ಹೊರಗಿನಿಂದ ಬಂದವು. ಸ್ಥಳೀಯ ಪದವೀಧರರು ಕೆಲಸಕ್ಕೆ ಒದಗುತ್ತಿಲ್ಲ ಎಂಬ ದೂರು ಉದ್ಯಮಗಳಿಂದ ಬಂತು. 2006ರಲ್ಲಿ ತಮ್‌ಕೀನ್ ಎಂಬ ತರಬೇತಿ ನಿಧಿ, ಎರಡು ವರ್ಷದ ಬಳಿಕ ಪಾಲಿಟೆಕ್ನಿಕ್, ಅದೇ ವರ್ಷ 2030ರ ಆರ್ಥಿಕ ಮುನ್ನೋಟ, ಎಲ್ಲವೂ ಒಂದೇ ಯೋಚನೆಯ ತುಂಡುಗಳು.

ನಮ್ಮಲ್ಲಿ ಪಾಲಿಟೆಕ್ನಿಕ್ ಎಂದರೆ ಎಸ್ಸೆಸ್ಸೆಲ್ಸಿ ಬಳಿಕ ಮೂರು ವರ್ಷದ ಡಿಪ್ಲೊಮಾ. ಅಲ್ಲಿ ಹನ್ನೆರಡನೇ ತರಗತಿ ಮುಗಿಸಿದವರಿಗೆ ನಾಲ್ಕು ವರ್ಷದ ಪದವಿ: ಇಂಜಿನಿಯರಿಂಗ್ ಟೆಕ್ನಾಲಜಿ, ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ), ಲಾಜಿಸ್ಟಿಕ್ಸ್, ಬಿಸಿನೆಸ್, ವಿಶುವಲ್ ಡಿಸೈನ್. ಪಾಠವೆಲ್ಲ ಇಂಗ್ಲಿಷಿನಲ್ಲಿ, ಭಾಷೆ, ಗಣಿತದಲ್ಲಿ ಹಿಂದೆ ಬಿದ್ದವರಿಗೆ ಮೊದಲು ಫೌಂಡೇಶನ್ ಕೋರ್ಸು. ಪಠ್ಯ ಏನಿರಬೇಕೆಂದು ಹೇಳಲು ಉದ್ಯಮದವರೇ ಇರುವ ಸಲಹಾ ಸಮಿತಿಗಳಿವೆ. ಇವೆಲ್ಲ ಬೇರೆಡೆಯೂ ಸಿಗುವ ಸಂಗತಿಗಳೇ. ನನಗೆ ಮುಖ್ಯವೆನಿಸುವುದು ಸಮಸ್ಯೆಯನ್ನು ಮುಂದಿಟ್ಟು ಕಲಿಸುವ ಅಲ್ಲಿನ ಕ್ರಮ. ಕೆನಡಾದ ಮೆಕ್‌ಮಾಸ್ಟರ್ ವೈದ್ಯಕೀಯ ಶಾಲೆಯಲ್ಲಿ 1969ರಲ್ಲಿ ಶುರುವಾಗಿ, ಡೆನ್ಮಾರ್ಕಿನ ಆಲ್ಬೋರ್ಗ್‌ನಲ್ಲಿ ಇಂಜಿನಿಯರಿಂಗ್‌ಗೂ ಒಗ್ಗಿದ ಕ್ರಮ ಇದು.

ಇದು ನಡೆಯುವ ರೀತಿ ತಿಳಿಯಲು ಗಲ್ಫ್‌ನ ಬೇಸಿಗೆಗೆ ತಕ್ಕ ಒಂದು ಸಮಸ್ಯೆ ತೆಗೆದುಕೊಳ್ಳೋಣ. 15 ಕಿಲೋವ್ಯಾಟ್‌ನ ತ್ರೀ ಫೇಸ್ ಪಂಪ್ ಮೋಟಾರು, ಅದರ ಮೈಮೇಲಿನ ನೇಮ್‌ಪ್ಲೇಟ್‌ನಲ್ಲಿ ಬರೆದ ಪೂರ್ಣ ಲೋಡಿನ ಕರೆಂಟ್ 28 ಆಂಪ್. ಜುಲೈ ತಿಂಗಳಲ್ಲಿ ದಿನಾ ಮಧ್ಯಾಹ್ನ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಸಾಧನ) ಟ್ರಿಪ್ ಆಗುತ್ತದೆ, ರಾತ್ರಿ ಸುಮ್ಮನೆ ಓಡುತ್ತದೆ. ವಿದ್ಯಾರ್ಥಿಗಳ ಕೈಗೆ ಸಿಗುವುದು ಇಷ್ಟೇ. ಮೊದಲು ಅರ್ಥವಾಗದ ಪದಗಳನ್ನು ಬಿಡಿಸಿಕೊಳ್ಳಬೇಕು, ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆಯಬೇಕು, ಹೊಳೆದ ಕಾರಣಗಳನ್ನೆಲ್ಲ ಬೋರ್ಡಿಗೆ ಹಾಕಿ ವಿಂಗಡಿಸಬೇಕು, ತಮಗೆ ಏನು ಗೊತ್ತಿಲ್ಲವೆಂದು ಪಟ್ಟಿ ಮಾಡಬೇಕು. ಆ ಪಟ್ಟಿಯೇ ಪಾಠ. ಪ್ರತಿಯೊಬ್ಬರೂ ಓದಿ, ಅಳೆದು ಬಂದು ಮತ್ತೆ ಕೂರುತ್ತಾರೆ.

ಎಡವುವುದು ಇಲ್ಲೇ. ರಿಲೇ ಸೆಟ್ಟಿಂಗನ್ನು 28ರಿಂದ 32ಕ್ಕೆ ಏರಿಸಿಬಿಡೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ. ಟ್ರಿಪ್ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿಸುರುಳಿ, ಸುಡುತ್ತದೆ. ಯಾಕೆಂದರೆ ನೇಮ್‌ಪ್ಲೇಟಿನ ಸಾಮರ್ಥ್ಯ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ವಾತಾವರಣಕ್ಕೆ ಲೆಕ್ಕ ಹಾಕಿದ್ದು. 50 ಡಿಗ್ರಿಯಲ್ಲಿ ಅದೇ ಮೋಟಾರಿನಿಂದ ತೆಗೆಯಬಹುದಾದದ್ದು ಸುಮಾರು ಶೇ 90, ಅಂದರೆ ಹದಿಮೂರೂವರೆ ಕಿಲೋವ್ಯಾಟ್. ವೈಂಡಿಂಗ್ ಮಿತಿ ಮೀರಿ 10 ಡಿಗ್ರಿ ಹೆಚ್ಚು ಕಾದರೆ ತಂತಿಯ ಹೊದಿಕೆಯಾದ ಇನ್ಸುಲೇಶನ್‌ನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೊದಲು ಟಾಂಗ್ ಟೆಸ್ಟರ್ (ತಂತಿಯನ್ನು ಕತ್ತರಿಸದೆ ಕರೆಂಟ್ ಅಳೆಯುವ ಸಾಧನ) ಹಾಕಿ ಮೂರೂ ಫೇಸ್‌ಗಳ ಕರೆಂಟ್ ಬರೆದುಕೊಳ್ಳಬೇಕು. ಮೂರೂ 28ಕ್ಕಿಂತ ಕಡಿಮೆ ಇದ್ದೂ ಟ್ರಿಪ್ ಆಗುತ್ತಿದ್ದರೆ ಮೋಟಾರಿಗಿಂತ ಪ್ಯಾನೆಲ್ ಮೇಲೆ ಅನುಮಾನ: ಬಿಸಿಲಿನಲ್ಲಿ ನಿಂತ ಪೆಟ್ಟಿಗೆಯೊಳಗೆ, ಉಷ್ಣತೆಗೆ ಹೊಂದಿಕೊಳ್ಳದ ರಿಲೇ ಬೇಗ ಟ್ರಿಪ್ ಆಗುತ್ತದೆ. ಒಂದು ಫೇಸ್ ಮಾತ್ರ ಏರಿದ್ದರೆ ವೋಲ್ಟೇಜ್ ಅಳೆಯಬೇಕು. ವೋಲ್ಟೇಜಿನಲ್ಲಿ ಶೇ 2ರ ಅಸಮತೋಲನವಿದ್ದರೂ ಕರೆಂಟಿನಲ್ಲಿ ಅದು ಆರರಿಂದ ಹತ್ತು ಪಟ್ಟು ಕಾಣಬಹುದು. ಮೂರೂ ಒಟ್ಟಿಗೆ ಏರಿದ್ದರೆ ಪಂಪಿನಿಂದ ನೀರು ಹೊರಹೋಗುವ ಡೆಲಿವರಿ ವಾಲ್ವ್ ನೋಡಬೇಕು: ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ವಾಲ್ವ್ ಪೂರ್ತಿ ತೆರೆದರೆ ನೀರು ಹೆಚ್ಚು ಹರಿದು ಲೋಡೂ ಏರುತ್ತದೆ. ಕರೆಂಟ್ ಸರಿಯಿದ್ದೂ ಮೋಟಾರಿನ ಮೈ ಸುಡುತ್ತಿದ್ದರೆ ಫ್ಯಾನ್ ಕವರಿನಲ್ಲಿ ಮರಳು ಕಟ್ಟಿದೆಯೇ ಎಂದು ತೆರೆದು ನೋಡಬೇಕು.

ಇಷ್ಟನ್ನೂ ಬೋಧಕ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಹೇಳಿದರೆ ಈ ಕ್ರಮವೇ ಕೆಟ್ಟಿತು. ‘ಯಾವ ಫೇಸ್? ಎಷ್ಟು ಗಂಟೆಗೆ ಅಳೆದಿರಿ?’ ಎಂದು ಕೇಳುತ್ತಾ ನಿಲ್ಲುವುದೇ ಅವರ ಕೆಲಸ, ಅದಕ್ಕೆ ಬೋಧಕರಿಗೇ ತರಬೇತಿ ಬೇಕು. ಗುಂಪಿನಲ್ಲಿ ಒಬ್ಬಳು ದುಡಿದು ನಾಲ್ವರು ಹೆಸರು ಹಾಕಿಸಿಕೊಳ್ಳುವುದು ಇನ್ನೊಂದು ರೋಗ. ಗುಂಪಿನ ಅಂಕದ ಜೊತೆ ಪ್ರತಿಯೊಬ್ಬರ ದಾಖಲೆ ಪುಸ್ತಕ, ಸಹಪಾಠಿಗಳ ಮೌಲ್ಯಮಾಪನ, ಯಂತ್ರದ ಮುಂದೆ ಒಬ್ಬೊಬ್ಬರಿಗೇ ಪ್ರಶ್ನೆ ಇಟ್ಟರಷ್ಟೇ ಇದು ತಹಬದಿಗೆ ಬರುತ್ತದೆ. ವರ್ಷವಿಡೀ ಸಮಸ್ಯೆ ಬಿಡಿಸಿ ಕೊನೆಗೆ ಬಾಯಿಪಾಠದ ಪರೀಕ್ಷೆ ಇಟ್ಟರೆ ಮಕ್ಕಳು ಗೈಡನ್ನೇ ಓದುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಬಹರೈನ್‌ನಲ್ಲಿ ನೆಲೆಸಿರುವ ಕನ್ನಡಿಗ ಪೋಷಕರಿಗೆ ಎರಡು ಮಾತು. ಅಲ್ಲಿನ ಶುಲ್ಕದಲ್ಲಿ ಸರ್ಕಾರದ ನೆರವು ಇರುವುದು ಆ ದೇಶದ ಪ್ರಜೆಗಳಿಗೆ, ಆದ್ದರಿಂದ ವಿದೇಶಿಯರ ಶುಲ್ಕವನ್ನು ಬೇರೆಯಾಗಿಯೇ ಕೇಳಿಕೊಳ್ಳಿ. ಪದವಿ ಪಡೆದು ಊರಿಗೆ ಮರಳುವ ಯೋಚನೆಯಿದ್ದರೆ ಪ್ರಮಾಣಪತ್ರಕ್ಕೆ ಬಹರೈನ್‌ನಲ್ಲೇ ಅಪೋಸ್ಟೀಲ್ (ಬೇರೆ ದೇಶದಲ್ಲೂ ದಾಖಲೆ ಮಾನ್ಯವಾಗಲು ಹಾಕುವ ಸರ್ಕಾರಿ ದೃಢೀಕರಣ) ಮಾಡಿಸಿ; ಎರಡೂ ದೇಶಗಳು ಅಪೋಸ್ಟೀಲ್ ಒಪ್ಪಂದದಲ್ಲಿವೆ. ಭಾರತದಲ್ಲಿ ಮುಂದಿನ ಓದಿಗೆ ಸಮಾನತೆಯ ಪ್ರಮಾಣಪತ್ರವೂ ಬೇಕಾಗುತ್ತದೆ, ಪ್ರವೇಶಕ್ಕೆ ಮುನ್ನವೇ ವಿದೇಶಿ ಪದವಿಗಳ ಸಮಾನತೆ ಕುರಿತ 2025ರ ಯುಜಿಸಿ ನಿಯಮಾವಳಿಯನ್ನು ಓದಿಕೊಳ್ಳುವುದು ಒಳ್ಳೆಯದು.

2020ರಲ್ಲಿ ಜಾರಿಯಾದ ಸಿ-20 ಪಠ್ಯಕ್ರಮದಿಂದ ನಮ್ಮ ಡಿಪ್ಲೊಮಾದ ಕೊನೆಯ ಸೆಮಿಸ್ಟರ್‌ನಲ್ಲೂ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್ ಬಂದಿದೆ. ದಾರಿ ಸರಿಯಾಗಿದೆ. ಆದರೆ ಅಲ್ಲಿಯವರೆಗಿನ ಐದು ಸೆಮಿಸ್ಟರ್‌ಗಳಲ್ಲಿ ತಾನಾಗಿ ಕಾರಣ ಹುಡುಕದ ಹುಡುಗ ಕಾರ್ಖಾನೆಗೆ ಹೋದರೆ ಮೂಲೆಯಲ್ಲಿ ನಿಂತು ನೋಡಿ ಬರುತ್ತಾನೆ. ವರದಿಯನ್ನು ಝೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿಸುತ್ತಾನೆ. ಮೊದಲ ವರ್ಷದಿಂದಲೇ ಸೆಮಿಸ್ಟರ್‌ಗೊಂದು ಸಮಸ್ಯೆಯನ್ನು ಆಯಾ ಊರಿನ ಉದ್ಯಮದಿಂದಲೇ ತರಿಸಿ. ಮಂಗಳೂರಿಗಾದರೆ ಬೈಕಂಪಾಡಿ ಕೈಗಾರಿಕಾ ಪ್ರದೇಶ, ಬಂದರು, ರಿಫೈನರಿ ಎಲ್ಲ ಹತ್ತಿರದಲ್ಲೇ ಇವೆ. ಇಂಟರ್ನ್‌ಶಿಪ್ ಅಂಕಗಳಲ್ಲಿ ಅರ್ಧದಷ್ಟನ್ನು ಬೈಂಡ್ ಮಾಡಿದ ವರದಿಗೆ ಕೊಡದೆ, ಕಾರ್ಖಾನೆಯ ಮೇಲ್ವಿಚಾರಕರ ಎದುರು ಯಂತ್ರದ ಬಳಿಯೇ ನಡೆಯುವ ಮೌಖಿಕ ಪರೀಕ್ಷೆಗೆ ಇಡಿ. ಇಲಾಖೆ ಮುಂದಿನ ಶೈಕ್ಷಣಿಕ ವರ್ಷದಲ್ಲಿ ಕೆಲವೇ ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಾದರೂ ಇದನ್ನು ಶುರು ಮಾಡಲಿ.

– ಓದುಗ, ಮಂಗಳೂರು