ಹಳೆಯ ಚಿತ್ರಗಳನ್ನು ಎಳೆದಾಡಬೇಡಿ

ಮಾನ್ಯರೇ,

ಹೋದ ಭಾನುವಾರ ಮೊಮ್ಮಗಳಿಗೆ ‘ಮಾಲ್ಗುಡಿ ಡೇಸ್’ ತೋರಿಸೋಣ ಅಂತ ಕೂತೆ. 1986–87ರಲ್ಲಿ ಶಂಕರ್‌ನಾಗ್ ಅವರ ಈ ಧಾರಾವಾಹಿ ದೂರದರ್ಶನದಲ್ಲಿ ಬರುವ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ನಮ್ಮ ನಡುಮನೆ ತುಂಬುತ್ತಿದ್ದರು. ಆಗುಂಬೆಯ ದೊಡ್ಡಮನೆ ಕಂಡರೆ ‘ಇದು ನಮ್ಮ ಕಡೆಯದು’ ಅಂತ ಗಲಾಟೆ ಬೇರೆ.

ಈಗ ನಮಗೆ ಸಿಕ್ಕ ಪ್ರತಿಯಲ್ಲಿ ಚಿತ್ರವನ್ನು ಎರಡೂ ಬದಿಗೆ ಎಳೆದುಬಿಟ್ಟಿದ್ದಾರೆ. ಆಗಿನ ಟಿವಿ ಪರದೆಯ ಅಗಲ-ಎತ್ತರದ ಅನುಪಾತ 4:3, ಈಗಿನದು 16:9. ಅಕ್ಕಪಕ್ಕ ಖಾಲಿ ಜಾಗ ಕಾಣಬಾರದು ಅಂತ ಹಿಗ್ಗಿಸಿ, ಸ್ವಾಮಿಯ ಮುಖ ಸೆಟ್ ದೋಸೆಯ ಹಾಗಾಗಿದೆ. ಅಪ್ಪನ ಪಾತ್ರದ ಗಿರೀಶ ಕಾರ್ನಾಡರು ಕುಳ್ಳಗಾಗಿದ್ದಾರೆ! “ಅಜ್ಜೀ, ಆಗ ಎಲ್ಲರೂ ಇಷ್ಟು ದಪ್ಪ ಇದ್ರಾ?” ಎಂದು ಮಗು ಕೇಳಿತು. ಏನು ಹೇಳಲಿ?

ಪಕ್ಕದಲ್ಲಿ ಎರಡು ಕಪ್ಪು ಪಟ್ಟಿ ಇದ್ದರೆ ಯಾರಿಗೂ ನಷ್ಟವಿಲ್ಲ, ಅಲ್ವಾ?

1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು. ಹುಡುಗರು ಥಿಯೇಟರಿಗೆ ಹೋದರು, ಸಂತೋಷ. ಆದರೆ ನನಗೆ ರಾಜಕುಮಾರ್ ಅವರ ಆ ಬಿಳಿ ಜುಬ್ಬಾ ಕಪ್ಪುಬಿಳುಪಿನಲ್ಲೇ ಜಾಸ್ತಿ ಬಿಳಿ. ಎರಡೂ ಪ್ರತಿ ಸಿಗುವಂತಿರಲಿ.

ಇನ್ನೊಂದು ಮಾತು. ನಮ್ಮ ಯಜಮಾನರಿಗೆ ಕಿವಿ ಮಂದ. ಹಳೆಯ ಕನ್ನಡ ಚಿತ್ರಗಳಿಗೆ ಕೆಳಗೆ ಕನ್ನಡದಲ್ಲೇ ಸಂಭಾಷಣೆ ಹಾಕಿದರೆ, ಅವರು ಪ್ರತಿ ಐದು ನಿಮಿಷಕ್ಕೆ “ಏನಂದ?” ಅನ್ನುವುದು ತಪ್ಪುತ್ತದೆ.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ