ವಿಷಯ: ಪಾಸ್ ಇದ್ದರೂ ನನ್ನಿಂದ ವಸೂಲಾದ 35 ಡಾಲರ್ ಕುರಿತು

ವ್ಯವಸ್ಥಾಪಕರಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ಚೆಕ್ ಮಾಡಿ ಹೇಳ್ತೀವಿ ಸರ್" ಅಂದಿರಿ. ನಿಮ್ಮ ಚೆಕ್ಕಿಂಗ್ ಈ ಜನ್ಮದಲ್ಲಿ ಮುಗಿಯುವಂತೆ ಕಾಣದ್ದರಿಂದ ಈ ಪತ್ರ. "ಕನ್ನಡಿಗರಿಂದ ಕನ್ನಡಿಗರಿಗೆ" ಅಂತ ಹಾಕಿಕೊಂಡಿದ್ದೀರಲ್ಲ, ಕನ್ನಡದಲ್ಲೇ ಬರೆಯುತ್ತಿದ್ದೇನೆ.

2024ರ ಸೆಪ್ಟೆಂಬರಿನಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ಗೆ ನಿಮ್ಮ ಟೂರ್ ಕಂಪನಿಯ ಜೊತೆ ಹೊರಟ ಐದು ಕಾರುಗಳಲ್ಲಿ ನನ್ನದೂ ಒಂದು. ಕಾರಿಗೆ 35 ಡಾಲರ್ ಪ್ರವೇಶ ಶುಲ್ಕವನ್ನು ನೀವೇ ಮೊದಲು ಎತ್ತುತ್ತೀರಿ. ರಾಷ್ಟ್ರೀಯ ಉದ್ಯಾನಗಳ ಪಾಸ್ ಇರುವವರು ಕೊಡಬೇಕಿಲ್ಲ ಅಂತ ನಿಮ್ಮ ಷರತ್ತಿನಲ್ಲೇ ಇದೆ, ಓದಿರುತ್ತೀರಿ. ಅಮೆರಿಕದ ಸೇನೆ ಬಿಟ್ಟವರಿಗೂ 2022ರ ನವೆಂಬರ್ 11ರಿಂದ ಜೀವಮಾನದ ಉಚಿತ ಪಾಸ್ ಇದೆ, ನನ್ನದು ಅದೇ. ಕ್ಯಾಂಪಿಂಗಿಗೆ ಅದು ನಡೆಯುವುದಿಲ್ಲ, ಆ ದುಡ್ಡನ್ನು ತುಟಿ ಬಿಚ್ಚದೆ ಕಟ್ಟಿದ್ದೇನೆ.

ಕ್ಯಾನ್ಯನ್ ದಾರಿಯ ವಿಲಿಯಮ್ಸ್ ಊರಿನ ಹೋಟೆಲ್ ಲಾಬಿಯಲ್ಲಿ ನಿಮ್ಮ ಹುಡುಗ ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದರಲ್ಲಿ ನನ್ನ ಪಾಸ್ ಹಿಡಿದು, "ಇಂಡಿಯನ್ ಆರ್ಮಿಯವರಿಗೆ ಇದು ನಡೆಯಲ್ಲ ಸರ್" ಅಂದ. ಇಲ್ಲಿಯ ಆರ್ಮಿನೇ ಕಣಪ್ಪ, ಆರು ವರ್ಷ, ಅಂದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ "ವೆಟರನ್" (ಮಾಜಿ ಸೈನಿಕ) ಅಂತ ಅಚ್ಚಾಗಿದ್ದನ್ನು ತೋರಿಸಿದೆ. ಅವನು ಲೈಸೆನ್ಸ್ ನೋಡಲಿಲ್ಲ, ನನ್ನ ಹೊಟ್ಟೆ ನೋಡಿದ. "ಅಡುಗೆ ಸೆಕ್ಷನ್ನಾ ಸರ್?" ಸಾಲಿನಲ್ಲಿದ್ದವರು ನಕ್ಕರು. (ಅಲ್ಲ. ಆಗಿದ್ದರೂ ಪಾಸ್ ಅದೇ.) ಯೂನಿಫಾರ್ಮಿನ ಫೋಟೋ ಕೇಳಿದ. ಬುದ್ಧಿಯಿಲ್ಲದೆ ತೋರಿಸಿದೆ. "ಹೆಲ್ಮೆಟ್ಟಲ್ಲಿ ಯಾರಾದ್ರೂ ಆಗಬಹುದು" ಅಂತ ನನ್ನ ಫೋನನ್ನು ಪಕ್ಕದವನ ಕೈಗೆ ದಾಟಿಸಿದ, ಅವನು ಜೂಮ್ ಮಾಡಿ ಮೂಗು ಹೋಲಿಸಿದ. ಹಾಸನದಿಂದ ಬಂದು ಹದಿನೈದು ದಿನವೂ ಆಗಿರದ ನಮ್ಮತ್ತೆ, "ಹೋಗ್ಲಿ ಬಿಡಿ ಅಳಿಯಂದ್ರೇ, ನಾನೇ ಕೊಡ್ತೀನಿ" ಅಂತ ಪರ್ಸಿನ ಜಿಪ್ ಎಳೆದರು. ಆ ಪರ್ಸ್ ಮುಚ್ಚಿಸಲೆಂದು ನನ್ನ ಕಾರ್ಡ್ ಉಜ್ಜಿದೆ.

ಗೇಟಿನಲ್ಲಿ ರೇಂಜರಮ್ಮ ಅದೇ ಪಾಸ್, ಅದೇ ಲೈಸೆನ್ಸ್ ನೋಡಿ, ಮ್ಯಾಪ್ ಕೊಟ್ಟು ಒಳಗೆ ಬಿಟ್ಟರು. ಒಂದು ಸೆಂಟೂ ಕೇಳಲಿಲ್ಲ. ಹಾಗಾದರೆ ನನ್ನ 35 ಡಾಲರ್ ಯಾವ ಕಣಿವೆಗೆ ಬಿತ್ತು? ಕ್ಯಾನ್ಯನ್ ಒಂದು ಮೈಲಿ ಆಳವಂತೆ. ನಿಮ್ಮ ಗಲ್ಲಾಪೆಟ್ಟಿಗೆಯನ್ನು ಇನ್ನೂ ಯಾರೂ ಅಳೆದಂತಿಲ್ಲ.

ದುಡ್ಡು ವಾಪಸ್ ಕಳಿಸುವ ಶ್ರಮ ನಿಮಗೆ ಬೇಡ, ಆ ವಸೂಲಿ ರದ್ದು ಮಾಡಿಸಲು ಬ್ಯಾಂಕಿಗೆ ಅರ್ಜಿ ಹಾಕಿದ್ದೇನೆ. ಅರಿಜೋನಾದ ಅಟಾರ್ನಿ ಜನರಲ್ ಕಚೇರಿಗೆ ಹೋಗುವ ದೂರಿನಲ್ಲಿ ನಿಮ್ಮ ಷರತ್ತಿನ ಪುಟವೂ ಇರುತ್ತದೆ. ಅಂದಹಾಗೆ, ನಮ್ಮ ಸಂಘದ ರಾಜ್ಯೋತ್ಸವಕ್ಕೆ ಈ ಸಲ ನೀವೇ ಪ್ರಾಯೋಜಕರಂತೆ. ನಾನು ಐದು ನಿಮಿಷ ಮೈಕ್ ಕೇಳಿದ್ದೆ, ಕೊಟ್ಟಿದ್ದಾರೆ. ಆ ಹುಡುಗನನ್ನೂ ಕರೆತನ್ನಿ, ಈ ಸಲ ಹೆಲ್ಮೆಟ್ ಇಲ್ಲದೆ ಬರುತ್ತೇನೆ.

ಇಂತಿ,
ಮೂರನೇ ಕಾರಿನವನು