ವೆರ್ಡಿ ನಾಣ್ಯವನ್ನು ಉಜ್ಜಬೇಡಿ

ಮಾನ್ಯರೇ,

ಇಟಲಿಯ ಒಪೆರಾ ಸಂಯೋಜಕ ಜುಸೆಪ್ಪೆ ವೆರ್ಡಿಯ 200ನೇ ಜನ್ಮವರ್ಷಕ್ಕೆ 2013ರಲ್ಲಿ ಬಂದ 2 ಯೂರೊ ನಾಣ್ಯ ಚಲಾವಣೆಯದೇ. ಯೂರೊ ವಲಯದ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಅಪರೂಪದ್ದೆಂದು ದುಬಾರಿ ಬೆಲೆ ತೆರಬೇಕಿಲ್ಲ. ಕೊಳ್ಳುವ ಮುನ್ನ ತೂಗಿ: 8.5 ಗ್ರಾಂ, ವ್ಯಾಸ 25.75 ಮಿ.ಮೀ. ಆಯಸ್ಕಾಂತಕ್ಕೆ ನಡುಭಾಗ ಮಾತ್ರ, ಅದೂ ಮೆಲ್ಲಗೆ ಅಂಟಬೇಕು. ಅಲ್ಲಿ ಹಿತ್ತಾಳೆಯ ಎರಡು ಪದರಗಳ ಮಧ್ಯೆ ನಿಕಲ್ ಇದೆ. ಹೊರಬಳೆಯೂ ಗಟ್ಟಿಯಾಗಿ ಅಂಟಿದರೆ ಖೋಟಾ ಎಂದೇ ತಿಳಿಯಿರಿ.

ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿಗೆ ಮೇಲ್ಮೈ ಸವೆದು, ಟಂಕಿಸಿದಾಗಿನ ಹೊಳಪು ಮತ್ತೆಂದೂ ಬರುವುದಿಲ್ಲ. ಪಿವಿಸಿ ಹಾಳೆಯ ಆಲ್ಬಮ್ಮೂ ಬೇಡ, ಹಸಿರು ಜಿಗುಟು ಕೂರುತ್ತದೆ.

1964ರಲ್ಲಿ ಅಂಚೆಚೀಟಿ ಕಂಡ ನಮ್ಮ ಪುರಂದರದಾಸರಿಗೆ 10 ರೂಪಾಯಿಯ ಚಲಾವಣೆ ನಾಣ್ಯವೊಂದನ್ನು ಕೇಂದ್ರ ಸರ್ಕಾರ ತರಲಿ.

– ನಾಣ್ಯ ಸಂಗ್ರಾಹಕರು, ಮೈಸೂರು